ಸ್ಮಾರ್ಟ್ ಕ್ಲಾಸ್ ಬಂತು, ರಿಮೋಟ್ ಯಾರ ಕೈಲಿದೆ?

ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು ಅಂದ್ರೆ ಟೇಪ್ ಕಟ್ ಮಾಡೋ ಫೋಟೋ ಮಾರನೇ ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಇರುತ್ತೆ, ಕೊಟ್ಟೋರು ಹಳೇ ವಿದ್ಯಾರ್ಥಿಗಳ ಸಂಘದವರೋ, ಯಾವ್ದೋ ಕಂಪನಿಯ ಸಿಎಸ್‌ಆರ್ ದುಡ್ಡೋ, ಇಲಾಖೆನೋ, ಯಾರಾದ್ರೂ ಆಗಿರ್ಲಿ. ಅದು ಖುಷಿ ಪಡೋ ವಿಷಯಾನೇ. ಆದ್ರೆ ಆರು ತಿಂಗಳು ಬಿಟ್ಟು ಆ ಬೋರ್ಡ್ ಮೇಲೆ ಏನ್ ನಡೀತಿದೆ, ಅಲ್ಲಿ ತೋರ್ಸೋದನ್ನ ಯಾರು ಆರಿಸ್ತಿದಾರೆ, ಎಲ್ಲಿ ನಿಲ್ಸಿ ಮಕ್ಕಳ ಹತ್ರ ಮಾತಾಡ್ತಿದಾರೆ ಅಂತ ಕೇಳೋಕೆ ಯಾರೂ ಹೋಗಲ್ಲ. ನನ್ ಪ್ರಕಾರ ಡಿಜಿಟಲ್ ಪಾಠದ ವಿಷಯದಲ್ಲಿ ಮೊದಲು ಕೇಳ್ಬೇಕಾಗಿರೋದೇ ಅದು. ಸ್ಕ್ರೀನ್ ಒಳ್ಳೇದೋ ಕೆಟ್ಟದ್ದೋ ಅಂತ ಜಗಳ ಆಡಿ ಪ್ರಯೋಜನ ಇಲ್ಲ, ಸ್ಕ್ರೀನಲ್ಲಿ ಬರೋದನ್ನ ಬದಲಾಯಿಸೋ, ಕಟ್ ಮಾಡೋ, ಬೇಡ ಅನ್ನೋ ಅಧಿಕಾರ ಪಾಠ ಮಾಡೋ ಮೇಷ್ಟ್ರಿಗೆ, ಮೇಡಮ್ಮಿಗೆ ಇದೆಯಾ ಅನ್ನೋದು ಮುಖ್ಯ.

ಸಲಕರಣೆ ಕಡೆಯಿಂದ ನೋಡಿದ್ರೆ ಪರಿಸ್ಥಿತಿ ನಿಧಾನಕ್ಕೆ ಸುಧಾರಿಸ್ತಾನೇ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ ಶಾಲೆಗಳಿಂದ ಮಾಹಿತಿ ತಗೊಂಡು ಮಾಡೋ ಯುಡೈಸ್ ಪ್ಲಸ್ ಲೆಕ್ಕದಲ್ಲಿ 2023-24ರಲ್ಲಿ ದೇಶದ ಶೇ. 57.2 ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, ಶೇ. 53.9 ಶಾಲೆಗಳಲ್ಲಿ ಇಂಟರ್ನೆಟ್ ಇತ್ತು; 2024-25ಕ್ಕೆ ಅದು ಶೇ. 64.7 ಮತ್ತು 63.5 ಆಗಿದೆ. ನಮ್ಮ ರಾಜ್ಯದಲ್ಲಿ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸರ್ಕಾರಿ ಶಾಲಾ ಕಾಲೇಜುಗಳಿಗೆ ಕರೆಂಟು, ನೀರು ಫ್ರೀ ಅಂತ ಘೋಷಣೆ ಮಾಡಿದ್ರು, ಇದು ನೋಡೋಕೆ ಸಣ್ಣ ವಿಷಯ ಅನ್ಸಿದ್ರೂ ಕರೆಂಟ್ ಬಿಲ್ ಬಾಕಿ ಅಂತ ಕಂಪ್ಯೂಟರ್ ರೂಮಿಗೆ ಬೀಗ ಹಾಕೋ ಶಾಲೆಗಳಿಗೆ ಇದಕ್ಕಿಂತ ದೊಡ್ಡ ಡಿಜಿಟಲ್ ಯೋಜನೆ ಇನ್ನೊಂದಿಲ್ಲ. ಮಕ್ಕಳ ಕಡೆಯಿಂದ ನೋಡಿದ್ರೆ ಹಳ್ಳಿ ಮಕ್ಕಳ ಕಲಿಕೆ ನೋಡೋ ಅಸರ್ 2024ರ ಸರ್ವೆ ಇದೆ. ಹಳ್ಳಿಗಳಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ, ಅವರಲ್ಲಿ ಹಿಂದಿನ ವಾರದಲ್ಲಿ ಅದನ್ನ ಓದೋ ಕೆಲಸಕ್ಕೆ ಬಳಸಿದವ್ರು ಶೇ. 57, ಸೋಷಿಯಲ್ ಮೀಡಿಯಾಗೆ ಬಳಸಿದವ್ರು ಶೇ. 76. ಅಂದ್ರೆ ಮಕ್ಕಳಿಗೆ ಫೋನ್ ಮುಟ್ಟೋದು ಹೇಗೆ ಅಂತ ಹೇಳ್ಕೊಡೋ ಕಾಲ ಮುಗೀತು, ಅದ್ರಲ್ಲಿ ಏನ್ ಮಾಡ್ಬಹುದು ಅಂತ ತೋರ್ಸೋ ಕೆಲಸ ಇನ್ನೂ ಶುರುನೇ ಆಗಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲಾಯ್ತು ಕರ್ನಾಟಕ ಈ ಪ್ರಯೋಗ ಶುರು ಮಾಡಿ, ಆದ್ರೆ ಪ್ರತಿ ಸಲ ಹೊಸ ಯೋಜನೆ ಬಂದಾಗ ಇದೇ ಮೊದಲು ಅನ್ನೋ ಹಾಗೆ ಮಾತಾಡ್ತೀವಿ. 2000ದ ದಶಕದ ಶುರುವಲ್ಲಿ 'ಮಾಹಿತಿ ಸಿಂಧು' ಅಂತ ಬಂತು, ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಲ್ಯಾಬ್. ಲ್ಯಾಬ್ ನಡ್ಸೋ ಗುತ್ತಿಗೆ ಹೊರಗಿನ ಕಂಪನಿಗಳಿಗೆ, ಕಂಪ್ಯೂಟರ್ ಹೇಳ್ಕೊಡೋರೂ ಅವರ ಕಡೆಯವ್ರೇ. ಅಲ್ಲೇ ತಪ್ಪಿದ್ದು. ಗಣಿತ, ವಿಜ್ಞಾನ ಪಾಠ ಮಾಡೋ ರೆಗ್ಯುಲರ್ ಟೀಚರ್‌ಗೂ ಆ ರೂಮಿಗೂ ಸಂಬಂಧಾನೇ ಬೆಳೀಲಿಲ್ಲ, ಕಂಪ್ಯೂಟರ್ ಅನ್ನೋದು ಬೇರೆಯವರ ಸಬ್ಜೆಕ್ಟ್ ಆಗಿ ಉಳೀತು, ಗುತ್ತಿಗೆ ಮುಗಿದಾಗ ಕಲಿಸೋರು ಹೋದ್ರು, ಹಳೇ ಮಷೀನುಗಳು ಮಾತ್ರ ಉಳಿದ್ವು. ಅದೇ ಟೈಮಲ್ಲಿ, 2004ರ ಸೆಪ್ಟೆಂಬರ್ 20ಕ್ಕೆ, ಇಸ್ರೋ ಶಿಕ್ಷಣಕ್ಕೆ ಅಂತಾನೇ ಎಜುಸ್ಯಾಟ್ ಉಪಗ್ರಹ ಹಾರಿಸ್ತು, ಅದರ ಪ್ರಾಥಮಿಕ ಶಾಲೆ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಚಾಮರಾಜನಗರ ಜಿಲ್ಲೆನ. ಎಂಟುನೂರಕ್ಕೂ ಹೆಚ್ಚು ಶಾಲೆಗೆ ಡಿಶ್ಶು, ಟಿವಿ ಬಂತು. ಕಾಡಂಚಿನ ಶಾಲೆಗೂ ಒಳ್ಳೇ ಪಾಠ ತಲುಪ್ಲಿ ಅನ್ನೋ ಆಸೆ ನಿಜಕ್ಕೂ ದೊಡ್ಡದೇ, ನಾನು ಅದನ್ನ ಗೌರವಿಸ್ತೀನಿ. ಆದ್ರೆ ಪ್ರಸಾರಕ್ಕೆ ಅದರದ್ದೇ ಟೈಮ್‌ಟೇಬಲ್ಲು, ಕ್ಲಾಸಿಗೆ ಅದರದ್ದೇ ಸ್ಪೀಡು, ಟಿವಿಯಲ್ಲಿ ಭಿನ್ನರಾಶಿ ಬರ್ತಿರೋವಾಗ ಇಲ್ಲಿ ಮಕ್ಕಳಿಗೆ ಇನ್ನೂ ಭಾಗಾಕಾರ ಗಟ್ಟಿಯಾಗಿಲ್ಲ ಅಂದ್ರೆ ಟೀಚರ್ ಏನ್ ಮಾಡ್ಬೇಕು? ಪ್ರಸಾರನ ಸ್ವಲ್ಪ ಹೊತ್ತು ನಿಲ್ಸೋಕೆ ಪಾಜ್ ಬಟನ್ ಇಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಮುಖ್ಯ ಅನ್ಸುತ್ತೆ ನಂಗೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಶುರುವಿನ ವರ್ಷಗಳಲ್ಲಿ ಸಾವಿರಾರು ಸರ್ಕಾರಿ ಶಾಲೆಗೆ ಕಂಪ್ಯೂಟರ್ ಮೂಲಕ ಕಲಿಕೆ ಅಂತ ದೊಡ್ಡ ಮಟ್ಟದಲ್ಲಿ ಕೆಲಸ ಮಾಡ್ತು, ನೂರಕ್ಕೂ ಹೆಚ್ಚು ಸಿಡಿ ಮಾಡಿಸ್ತು, ಕನ್ನಡ ಸೇರಿ ಹಲವು ಭಾಷೆಯಲ್ಲಿ. ಕೊನೆಗೆ 2010ರಲ್ಲಿ ಆ ಸಂಸ್ಥೆಯ ಅನುರಾಗ್ ಬೆಹರ್ ಅವರೇ ಮಿಂಟ್ ಪತ್ರಿಕೆಯಲ್ಲಿ ಬರೆದು, ತಂತ್ರಜ್ಞಾನದಿಂದ ಶಿಕ್ಷಣದ ಮೂಲ ಸಮಸ್ಯೆ ಬಗೆಹರಿಯಲ್ಲ, ಟೀಚರ್ ಮೇಲೆ, ಶಾಲೆಯ ವ್ಯವಸ್ಥೆ ಮೇಲೆ ಕೆಲಸ ಮಾಡ್ಬೇಕು ಅನ್ನೋ ಅರ್ಥದಲ್ಲಿ ಹೇಳಿದ್ರು. ಐಟಿ ದುಡ್ಡಿಂದ ಹುಟ್ಟಿದ ಸಂಸ್ಥೆ ಈ ಮಾತು ಹೇಳಿದ್ದನ್ನ ನಾವು ಇನ್ನೂ ಸೀರಿಯಸ್ಸಾಗಿ ತಗೊಂಡಿಲ್ಲ.

ಹಾಗಾದ್ರೆ ಮಷೀನ್‌ನಿಂದ ಕಲಿಕೆ ಆಗೋದೇ ಇಲ್ವಾ? ಆಗುತ್ತೆ, ಅದಕ್ಕೂ ಪುರಾವೆ ಇದೆ, ಆದ್ರೆ ಷರತ್ತಿನ ಮೇಲೆ. ಲೀ ಲಿಂಡನ್ ಅನ್ನೋ ಅರ್ಥಶಾಸ್ತ್ರಜ್ಞ ಗುಜರಾತಿನಲ್ಲಿ ಮಾಡಿದ ಅಧ್ಯಯನ ಇದೆ, ಅದ್ರಲ್ಲಿ ಒಂದೇ ಗಣಿತದ ಸಾಫ್ಟ್‌ವೇರನ್ನ ಎರಡು ರೀತಿ ಬಳಸಿ ನೋಡಿದ್ರು. ಟೀಚರ್ ಪಾಠದ ಬದಲಿಗೆ ಕಂಪ್ಯೂಟರ್ ಮುಂದೆ ಕೂರಿಸಿದಾಗ ಮಕ್ಕಳ ಕಲಿಕೆ ಕಮ್ಮಿ ಆಯ್ತು, ಟೀಚರ್ ಪಾಠ ಮುಗಿದ ಮೇಲೆ ಹೆಚ್ಚುವರಿಯಾಗಿ ಕೊಟ್ಟಾಗ ಜಾಸ್ತಿ ಆಯ್ತು. ದೆಲ್ಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಬಗ್ಗೆ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಯವರು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟ ಆಯ್ತು, ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಒಳ್ಳೇ ಪ್ರಗತಿ ಕಾಣ್ಸಿದೆ. ಜನ ಇದನ್ನ ತೋರ್ಸಿ ನೋಡಿ ಸಾಫ್ಟ್‌ವೇರ್ ಗೆಲ್ತು ಅಂತಾರೆ. ಪೂರ್ತಿ ಓದಿದ್ರೆ ಗೊತ್ತಾಗುತ್ತೆ, ಆ ಸಾಫ್ಟ್‌ವೇರ್ ಮಗು ಯಾವ ಕ್ಲಾಸಲ್ಲಿದೆ ಅನ್ನೋದನ್ನ ಬಿಟ್ಟು ಅದಕ್ಕೆ ನಿಜವಾಗಿ ಎಷ್ಟು ಬರುತ್ತೆ ಅಂತ ನೋಡಿ ಅಲ್ಲಿಂದ ಶುರು ಮಾಡ್ತಿತ್ತು, ಆರನೇ ಕ್ಲಾಸ್ ಮಗುಗೆ ಮೂರನೇ ಕ್ಲಾಸಿನ ಲೆಕ್ಕ ಬೇಕಿದ್ರೆ ಅದೇ ಸಿಗ್ತಿತ್ತು, ಜೊತೆಗೆ ದಿನಾ ಸಣ್ಣ ಗುಂಪಿನಲ್ಲಿ ಒಬ್ಬ ಮನುಷ್ಯ ಕೂತು ಹೇಳ್ಕೊಡೋದೂ ಇತ್ತು. ಅದನ್ನ ಬಿಟ್ಟು ಪೆರುವಿನಲ್ಲಿ ಮಾಡಿದ ಹಾಗೆ ಮಕ್ಕಳಿಗೆ ಬರೀ ಲ್ಯಾಪ್‌ಟಾಪ್ ಹಂಚಿದ್ರೆ ಗಣಿತದಲ್ಲೂ ಭಾಷೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಸ್ವೀಡನ್ ಮತ್ತೆ ಪುಸ್ತಕಕ್ಕೆ ವಾಪಸ್ ಹೋಗ್ತಿದೆ ಅಂತ ಸುದ್ದಿ ಆದಾಗ ಇಲ್ಲೂ ತುಂಬಾ ಜನ ಶೇರ್ ಮಾಡಿದ್ರು, ಆದ್ರೆ ಅಲ್ಲಿಯ ಚಿಂತೆ ಮಗುಗೊಂದು ಟ್ಯಾಬ್ ಇರೋ ಕ್ಲಾಸಿನದು, ನಲವತ್ತು ಮಕ್ಕಳಿಗೆ ಒಂದು ಪ್ರೊಜೆಕ್ಟರ್ ಇರೋ ನಮ್ಮ ಕ್ಲಾಸಿಗೆ ಆ ಪಾಠನ ಹಾಗೇ ತಂದು ಹಾಕೋಕಾಗಲ್ಲ.

ಒಂದು ಪ್ರೊಜೆಕ್ಟರ್, ನಲವತ್ತು ಮಕ್ಕಳು, ನಲವತ್ತು ನಿಮಿಷ, ಇಷ್ಟರಲ್ಲಿ ಏನ್ ಮಾಡ್ಬಹುದು ಅಂತ ನೋಡೋಣ. ಹತ್ತನೇ ಕ್ಲಾಸಿನ ವೃತ್ತಗಳ ಪಾಠ ತಗೊಳ್ಳಿ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದ ಸಮ ಅನ್ನೋ ಪ್ರಮೇಯ ಇದೆಯಲ್ಲ, ಎಸ್‌ಎಸ್‌ಎಲ್‌ಸಿಗೆ ಇಂಪಾರ್ಟೆಂಟ್ ಅಂತ ಮಕ್ಕಳು ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲಾನೂ ಉರು ಹೊಡೆದಿರ್ತಾರೆ, ಚಿತ್ರದಲ್ಲಿ ಅಕ್ಷರ ಬದಲಾಯಿಸಿ ಕೊಟ್ರೆ ಅರ್ಧಕ್ಕರ್ಧ ಜನ ನಿಂತು ಬಿಡ್ತಾರೆ. ಈಗ ಅದೇ ಚಿತ್ರನ ಜಿಯೋಜೀಬ್ರಾದಲ್ಲಿ ಹಾಕಿ. ಅದು ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡೋ ಫ್ರೀ ಸಾಫ್ಟ್‌ವೇರು, ಒಂದ್ಸಲ ಇನ್‌ಸ್ಟಾಲ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ನಡೆಯುತ್ತೆ. ವೃತ್ತ, ಹೊರಗಡೆ ಪಿ ಅನ್ನೋ ಬಿಂದು, ಅಲ್ಲಿಂದ ಎರಡು ಸ್ಪರ್ಶಕ, ಪಕ್ಕದಲ್ಲಿ ಎರಡರ ಉದ್ದ. ಇಲ್ಲಿ ಗಮನಿಸ್ಬೇಕಾಗಿರೋದು ಏನಂದ್ರೆ ಒಳ್ಳೇ ಟೀಚರ್ ಬಿಂದುನ ಎಳೆಯೋಕೆ ಮುಂಚೆ ಕೇಳ್ತಾರೆ: ಪಿ ದೂರ ಹೋದ್ರೆ ಏನಾಗುತ್ತೆ, ಒಂದ್ ಕಡೆಗೆ ವಾಲಿಸಿದ್ರೆ ಯಾವ ಗೆರೆ ಉದ್ದ ಆಗುತ್ತೆ? ಮೇಲಿಂದು ಉದ್ದ ಆಗುತ್ತೆ ಅಂತ ಒಬ್ಬ, ಕೆಳಗಿಂದು ಅಂತ ಇನ್ನೊಬ್ಳು, ಕೈ ಎತ್ತಿಸಿ ಬೋರ್ಡ್ ಮೇಲೆ ಎಣಿಕೆ ಬರೆದು ಆಮೇಲೆ ಎಳೀತಾರೆ. ಎಲ್ಲಿಗೆ ತಗೊಂಡು ಹೋದ್ರೂ ಎರಡು ನಂಬರ್ರೂ ಒಟ್ಟಿಗೇ ಏರುತ್ತೆ, ಒಟ್ಟಿಗೇ ಇಳಿಯುತ್ತೆ. ವೃತ್ತದ ಮೇಲೆ ತಂದು ಇಟ್ರೆ ಎರಡು ಗೆರೆ ಒಂದಾಗುತ್ತೆ. ಒಳಗೆ ತಳ್ಳಿದ್ರೆ ಗೆರೆಗಳೇ ಮಾಯ. "ಎಲ್ಲೋಯ್ತು ಮೇಡಂ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆ ಪ್ರಶ್ನೆ ಬಂದ ಕ್ಷಣದಲ್ಲಿ ಪಾಠ ಆಯ್ತು ಅಂತ ಲೆಕ್ಕ. ಒಳಗಿನ ಬಿಂದುವಿಂದ ಸ್ಪರ್ಶಕ ಎಳೆಯೋಕೆ ಯಾಕಾಗಲ್ಲ ಅಂತ ಮಕ್ಕಳೇ ವಾದ ಮಾಡ್ತಾರೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಆಮೇಲೆ ಪ್ರೊಜೆಕ್ಟರ್ ಆಫ್ ಮಾಡಿ ಚಾಕ್‌ಪೀಸ್ ಹಿಡಿದು ಯಾವಾಗ್ಲೂ ಯಾಕೆ ಸಮ ಅನ್ನೋದನ್ನ ಎರಡು ಲಂಬಕೋನ ತ್ರಿಭುಜ ಇಟ್ಕೊಂಡು ಸಾಧಿಸ್ಬೇಕು, ಯಾಕಂದ್ರೆ ಎಷ್ಟೇ ಸಲ ಎಳೆದು ನೋಡಿದ್ರೂ ಅದು ಸಾಧನೆ ಆಗಲ್ಲ, ಅದನ್ನೂ ಮಕ್ಕಳಿಗೆ ಹೇಳ್ಬೇಕು.

ಇದೇ ಪ್ರಮೇಯದ ಮೇಲೆ ಯೂಟ್ಯೂಬಲ್ಲಿ ಕನ್ನಡದಲ್ಲೇ ಎಷ್ಟೊಂದು ವಿಡಿಯೋ ಇದೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದ್ರೆ ಅರ್ಧ ಗಂಟೆ ವಿಡಿಯೋ ಹಾಕಿ ಟೀಚರ್ ಹಿಂದೆ ನಿಂತ್ರೆ ಆ ಪ್ರಶ್ನೆ ಹುಟ್ಟಲ್ಲ, ಹುಟ್ಟಿದ್ರೂ ಕೇಳಿಸ್ಕೊಳೋರು ಯಾರೂ ಇರಲ್ಲ. ವಿಡಿಯೋ ಬೇಕಾಗೋ ಜಾಗ ಬೇರೆ ಇದೆ. ಸೋಡಿಯಂ ತುಂಡು ನೀರಿಗೆ ಬಿದ್ರೆ ಏನಾಗುತ್ತೆ ಅನ್ನೋದನ್ನ ನಮ್ಮ ಶಾಲೆಗಳ ಲ್ಯಾಬಲ್ಲಿ ಮಾಡೋಕೆ ಹೋಗ್ಬಾರ್ದು, ಅದಕ್ಕೆ ವಿಡಿಯೋನೇ ಸರಿ. ಹೃದಯದ ಕವಾಟ ಮುಚ್ಚಿ ತೆಗೆಯೋದು, ಜ್ವಾಲಾಮುಖಿ, ಗ್ರಹಣ, ಇವಕ್ಕೆಲ್ಲ ಎರಡು ಮೂರು ನಿಮಿಷದ ತುಣುಕು ಸಾಕು. ವಿದ್ಯುತ್ ಮಂಡಲ, ಓಮನ ನಿಯಮ ಹೇಳೋವಾಗ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ ಇದೆ, ಅಂದ್ರೆ ಸ್ಕ್ರೀನ್ ಮೇಲೇ ಬದಲಾಯಿಸಿ ನೋಡೋ ಪ್ರಯೋಗಗಳು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಕನ್ನಡಕ್ಕೂ ಸುಮಾರು ಬಂದಿವೆ, ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ಇಟ್ಕೋಬಹುದು. ಆದ್ರೆ ಅರಿಶಿನದ ಕಾಗದಕ್ಕೆ ಸೋಪಿನ ನೀರು ಹಾಕಿದ್ರೆ ಕೆಂಪಗಾಗೋದನ್ನ ಸ್ಕ್ರೀನ್ ಮೇಲೆ ತೋರ್ಸೋದು ಮಕ್ಕಳಿಗೆ ಮಾಡೋ ಅನ್ಯಾಯ. ಅರಿಶಿನ ಬಿಸಿಯೂಟದ ಅಡುಗೆ ಮನೆಯಲ್ಲೇ ಇದೆ, ಸೋಪು ಕೈ ತೊಳೆಯೋ ನಲ್ಲಿ ಹತ್ರ ಇದೆ, ಮಕ್ಕಳ ಬೆರಳಿಗೆ ಬಣ್ಣ ಹತ್ಲಿ.

ಯಾವ್ದಕ್ಕೆ ಸ್ಕ್ರೀನ್ ಬೇಕು, ಯಾವ್ದಕ್ಕೆ ಬೇಡ, ಇದನ್ನ ಬೆಂಗಳೂರಿನಲ್ಲೋ ದೆಲ್ಲಿಯಲ್ಲೋ ಕೂತು ನಿರ್ಧಾರ ಮಾಡೋಕಾಗಲ್ಲ. ನಮ್ಮ ರಾಜ್ಯಕ್ಕೆ ಇದು ಹೊಸ ಮಾತೂ ಅಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ, ಚಿಕ್ಕ ಮಕ್ಕಳು ಕಾರ್ಡು, ಹಾಡಿನ ಮೂಲಕ ತಮ್ಮ ಸ್ಪೀಡಲ್ಲೇ ಕಲಿಯೋ ನಲಿ-ಕಲಿ ಹುಟ್ಟಿದ್ದು ಹೇಗೆ? ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನ ನೋಡ್ಕೊಂಡು ಬಂದ ಸರ್ಕಾರಿ ಶಾಲೆ ಟೀಚರ್‌ಗಳೇ ಕೂತು ಕಾರ್ಡ್ ಬರೆದ್ರು, ಹಾಡು ಕಟ್ಟಿದ್ರು, ಕಲಿಕೆಯ ಏಣಿ ಮಾಡಿದ್ರು. ತಾವೇ ಮಾಡಿದ್ದು ಅಂತ ಅವರಿಗೆ ಅದರ ಮೇಲೆ ಹಿಡಿತ ಇತ್ತು, ಕೆಲಸ ಮಾಡ್ದೇ ಇರೋ ಕಾರ್ಡನ್ನ ಬದಲಾಯಿಸೋ ಧೈರ್ಯ ಇತ್ತು. ಮುಂದೆ 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಣೆ ಆಗಿ ಪ್ರಿಂಟ್ ಆದ ಕಾರ್ಡ್ ಪೆಟ್ಟಿಗೆಗಳು ಶಾಲೆಗೆ ಬಂದ್ವು, ಆಗ ಅದು ಎಷ್ಟೋ ಕಡೆ ಮೇಲಿಂದ ಬಂದ ಇನ್ನೊಂದು ಕೆಲಸ ಆಯ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನೂ ನಾನು ಹೀಗೇ ನೋಡೋದು. 2017ರಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಪಾಠಗಳ ವೇದಿಕೆ ದೀಕ್ಷಾ ಬಂದ ಮೇಲೆ ಪಾಠದ ಪಕ್ಕದಲ್ಲೇ ಕೋಡ್ ಅಚ್ಚಾಯ್ತು, ಐಡಿಯಾ ಒಳ್ಳೇದು, ಆದ್ರೆ ಕೋಡ್ ಹಿಂದೆ ಏನಿದೆ ಅಂತ ಟೀಚರ್ ಆರಿಸಿಲ್ಲ, ಸ್ಕ್ಯಾನ್ ಮಾಡೋದು ಟೀಚರ್‌ದೇ ಫೋನು, ಖರ್ಚಾಗೋದು ಅವರದೇ ಡೇಟಾ.

ಬೇರೆ ದಾರಿನೂ ಇಲ್ಲೇ ಹಾಕಿದ್ರು. 2011ರ ಸುಮಾರಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಮಾಡಿ ಹೈಸ್ಕೂಲ್ ಟೀಚರ್‌ಗಳಿಗೆ ವಿಂಡೋಸ್ ಬದಲು ಬಳಸೋ ಫ್ರೀ ಉಬುಂಟು, ಜಿಯೋಜೀಬ್ರಾ, ಕನ್ನಡ ಟೈಪಿಂಗ್ ಎಲ್ಲ ಹೇಳ್ಕೊಟ್ರು, 2013ರಲ್ಲಿ ಟೀಚರ್ ತರಬೇತಿ ನೋಡೋ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಅನ್ನೋ ಸಂಸ್ಥೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನೋ ವಿಕಿ ಕಟ್ಟಿದ್ರು, ವಿಕಿಪೀಡಿಯಾ ಥರಾನೇ, ಯಾವ ಟೀಚರ್ ಬೇಕಾದ್ರೂ ಪಾಠದ ಸಾಮಗ್ರಿ ಹಾಕ್ಬಹುದು, ಬೇರೆಯವ್ರು ತಿದ್ಬಹುದು. ಆಮೇಲೆ ತಂತ್ರಜ್ಞಾನ ಬಳಸಿ ಪಾಠ ಮಾಡೋದನ್ನ ಹೇಳ್ಕೊಡೋ ಟಾಲ್ಪ್ ತರಬೇತಿಗಳು ಬಂದ್ವು. ಇವುಗಳಿಂದ ತಯಾರಾದ ಟೀಚರ್‌ಗಳು ಇವತ್ತಿಗೂ ತಾಲ್ಲೂಕಿಗೆ ನಾಲ್ಕೈದು ಜನ ಸಿಕ್ತಾರೆ, ಗ್ರೂಪಲ್ಲಿ ಏನಾದ್ರೂ ಟೆಕ್ನಿಕಲ್ ಡೌಟ್ ಬಂದ್ರೆ ಎಲ್ರೂ ಫೋನ್ ಮಾಡೋದು ಅವರಿಗೇ.

ಆದ್ರೆ ದಿನನಿತ್ಯ ಸಾಮಗ್ರಿ ಓಡಾಡೋದು ವಿಕಿಯಲ್ಲಿ ಅಲ್ಲ, ವಾಟ್ಸಾಪಲ್ಲಿ. ಪಾಸಾಗೋಕೆ ಬೇಕಾದಷ್ಟೇ ಇರೋ ಪಾಸಿಂಗ್ ಪ್ಯಾಕೇಜ್, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಘಟಕ ಪರೀಕ್ಷೆ, ಪಾಠಯೋಜನೆ ಎಲ್ಲಾ ಪಿಡಿಎಫ್. ಎಲ್ಲೋ ಒಬ್ಬ ಮೇಷ್ಟ್ರು ರಾತ್ರಿ ಕೂತು ಮಾಡಿದ್ದು ಬೆಳಗಾಗೋದ್ರೊಳಗೆ ಬೀದರ್‌ನಿಂದ ಚಾಮರಾಜನಗರದ ತನಕ ಹೋಗಿರುತ್ತೆ, ಟೀಚರ್‌ಗಳ ಈ ಉದಾರತನ ಯಾವ ಇಲಾಖೆ ಆದೇಶದಿಂದಲೂ ಬರೋದಲ್ಲ. ತೊಂದರೆ ಏನಂದ್ರೆ ಪಿಡಿಎಫ್ ತಿದ್ದೋಕಾಗಲ್ಲ. ನಮ್ ಕ್ಲಾಸಿಗೆ ಎರಡನೇ ಪ್ರಶ್ನೆ ಸುಲಭ ಮಾಡ್ಬೇಕು ಅಂದ್ರೆ ಪೂರ್ತಿ ಮತ್ತೆ ಟೈಪ್ ಮಾಡ್ಬೇಕು. ಮೂಲ ಫೈಲ್ ಸಿಕ್ರೂ ಅದು ಹಳೇ ನುಡಿ ಫಾಂಟಲ್ಲಿ ಇರುತ್ತೆ, ಆ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಗೋಜಲು ಕಾಣುತ್ತೆ. ಯಾವ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡಲ್ಲಿ ಟೈಪ್ ಮಾಡಿ, ತಿದ್ದೋಕಾಗೋ ಫೈಲನ್ನೇ ಕಳ್ಸೋದು ಅಭ್ಯಾಸ ಆಗ್ಬಿಟ್ರೆ ಒಂದು ರೂಪಾಯಿ ಖರ್ಚಿಲ್ದೆ ರಾಜ್ಯದ ಅರ್ಧ ಡಿಜಿಟಲ್ ಸಾಮಗ್ರಿ ಜೀವ ಪಡ್ಕೊಳುತ್ತೆ.

ಟೀಚರ್‌ಗೆ ಟೈಮ್ ಎಲ್ಲಿದೆ ಅನ್ನೋದು ಮುಂದಿನ ಪ್ರಶ್ನೆ, ನಂಗೆ ತುಂಬಾ ಸಂಕಟ ಆಗೋದೂ ಇಲ್ಲೇ. ಶಾಲೆಯಲ್ಲಿ ಇರೋ ಕಂಪ್ಯೂಟರ್ ಮುಂದೆ ಟೀಚರ್ ಕೂತಿದ್ರೆ ಹೆಚ್ಚಿನ ಸಲ ಅದು ಪಾಠಕ್ಕಲ್ಲ. ಮಕ್ಕಳ ವಿವರ ತುಂಬೋ ಎಸ್‌ಎಟಿಎಸ್ ಎಂಟ್ರಿ, ಯುಡೈಸ್ ಎಂಟ್ರಿ, ಮಗುಗೊಂದು ನಂಬರ್ ಮಾಡ್ಸೋ ಅಪಾರ್ ಐಡಿ, ಸ್ಕಾಲರ್‌ಶಿಪ್, ಬಿಸಿಯೂಟದ ಲೆಕ್ಕ, ಆಧಾರ್‌ನಲ್ಲಿ ಹೆಸರು ಒಂಥರಾ ಶಾಲಾ ದಾಖಲೆಯಲ್ಲಿ ಒಂಥರಾ ಇದ್ರೆ ಅಪ್ಪ ಅಮ್ಮನ್ನ ಕರೆಸಿ ಸರಿ ಮಾಡ್ಸೋದು, ಸರ್ವರ್ ಹಗಲು ಸ್ಲೋ ಅಂತ ರಾತ್ರಿ ಮನೆಯಲ್ಲಿ ಕೂತು ಮಾಡೋದು. ಇಬ್ಬರೇ ಟೀಚರ್ ಇರೋ ಶಾಲೆಯಲ್ಲಿ ಒಬ್ರು ಎಂಟ್ರಿಗೆ ಕೂತ್ರೆ ಎಲ್ಲಾ ಕ್ಲಾಸೂ ಇನ್ನೊಬ್ಬರ ತಲೆ ಮೇಲೆ. ಮನಸ್ಸು ಮಾಡಿದ್ರೆ ವ್ಯವಸ್ಥೆ ಎಷ್ಟು ಬೇಗ ಆಗುತ್ತೆ ಅನ್ನೋದನ್ನೂ ನೋಡಿದೀವಿ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹಾಲ್‌ಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು, 2023ರಲ್ಲಿ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಗೆ ಕೊಟ್ಟ ಮೇಲೆ. ಕಾಪಿ ನಿಲ್ಲಿಸ್ಬೇಕಾಗಿದ್ದು ಸರಿನೇ, ಅದ್ರಲ್ಲಿ ತಕರಾರಿಲ್ಲ. ಆದ್ರೆ ಪರೀಕ್ಷೆ ಕಾಯೋಕೆ ತಲುಪಿದ ನೆಟ್ಟು, ಅದೇ ವೇಗದಲ್ಲಿ, ಅದೇ ಮೇಲುಸ್ತುವಾರಿಯಲ್ಲಿ ವರ್ಷ ಪೂರ್ತಿ ಪಾಠಕ್ಕೂ ತಲುಪ್ಬೇಕಲ್ವಾ?

ಪಕ್ಕದ ಕೇರಳ ಬೇರೆ ಥರ ಮಾಡ್ತು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಶುರುವಾಯ್ತು, ಕಂಪನಿಗೆ ಗುತ್ತಿಗೆ ಕೊಡ್ದೆ ಶಾಲೆಯ ಟೀಚರ್‌ಗಳನ್ನೇ ತಯಾರು ಮಾಡಿದ್ರು, ಫ್ರೀ ಸಾಫ್ಟ್‌ವೇರ್‌ಗೆ ಹೋದ್ರು. 2017ರಲ್ಲಿ ಅದೇ ಕೈಟ್ ಅನ್ನೋ ಸಂಸ್ಥೆ ಆಯ್ತು, 45,000 ಹೈಟೆಕ್ ಕ್ಲಾಸ್‌ರೂಮ್ ಮಾಡಿದ್ರು. ನಮಗೂ ಇದಕ್ಕೂ ಸಂಬಂಧ ಇದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದ್ತಿರೋದು ಇದೇ ವ್ಯವಸ್ಥೆಯಲ್ಲಿ. ಕೊರೊನಾ ವರ್ಷ 2020ರಲ್ಲಿ ಕೈಟ್‌ನ ಫಸ್ಟ್ ಬೆಲ್ ಅನ್ನೋ ಟಿವಿ ಪಾಠಗಳು ಮಲಯಾಳಂ ಜೊತೆಗೆ ಕನ್ನಡದಲ್ಲೂ ಬಂದ್ವು. ಎಲ್ಲಾ ಸರಿ ಇದೆ ಅಂತಲ್ಲ, ಆದ್ರೆ ಟೀಚರ್ ಮೇಲೆ ಮೊದಲು ದುಡ್ಡು ಹಾಕಿ ಆಮೇಲೆ ಪ್ರೊಜೆಕ್ಟರ್ ಮೇಲೆ ಹಾಕೋದು ಸಾಧ್ಯ ಅನ್ನೋದಕ್ಕೆ ಗಡಿ ದಾಟಿದ್ರೆ ಸಾಕ್ಷಿ ಸಿಗುತ್ತೆ.

ಕೊರೊನಾ ಕಾಲದ ಬಗ್ಗೆ ಜಾಸ್ತಿ ಹೇಳ್ಬೇಕಿಲ್ಲ, ಎಲ್ರಿಗೂ ನೆನಪಿದೆ. ಚಂದನ ಟಿವಿಯಲ್ಲಿ ಸಂವೇದ ಪಾಠಗಳು ಬಂದ್ವು, ಟೀಚರ್‌ಗಳೇ ಮಕ್ಕಳಿರೋ ಕಡೆ ಹೋಗಿ ಪಾಠ ಮಾಡೋ ವಿದ್ಯಾಗಮ ಶುರುವಾಗಿ ನಿಂತೂ ಹೋಯ್ತು. 2021ರ ಜೂನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ನೆಟ್‌ವರ್ಕ್ ಸಿಗುತ್ತೆ ಅಂತ ರಸ್ತೆ ಬದಿ ಮಳೆಯಲ್ಲಿ ಕೂತು ಕ್ಲಾಸ್ ಕೇಳ್ತಿರೋ, ಅಪ್ಪ ಕೊಡೆ ಹಿಡ್ಕೊಂಡು ನಿಂತಿರೋ ಫೋಟೋ ದೇಶಾನೇ ನೋಡ್ತು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2021ರಲ್ಲಿ ಕರ್ನಾಟಕವೂ ಸೇರಿ 5 ರಾಜ್ಯಗಳ 16,067 ಮಕ್ಕಳನ್ನ ನೋಡಿದಾಗ ಶೇ. 92 ಮಕ್ಕಳು ಹಿಂದೆ ಬರ್ತಿದ್ದ ಭಾಷಾ ಸಾಮರ್ಥ್ಯದಲ್ಲಿ ಒಂದನ್ನಾದ್ರೂ ಮರೆತಿದ್ರು. ಟೀಚರ್ ಎದುರಿಗೆ ಇಲ್ದಿರೋವಾಗ ಏನಾಗುತ್ತೆ ಅಂತ ತಿಳ್ಕೊಳೋಕೆ ಇನ್ನೊಂದು ಪ್ರಯೋಗ ಬೇಕಿಲ್ಲ.

ಈಗ ಎಐ ಬಂದಿದೆ. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ನಮ್ಮ ಸರ್ಕಾರಿ ಶಾಲೆಗಳಲ್ಲೇ 'ಶಿಕ್ಷಾ ಕೋಪೈಲಟ್' ಅಂತ ಪ್ರಯೋಗ ಮಾಡಿದಾರೆ, ಪಠ್ಯಕ್ರಮ ನೋಡ್ಕೊಂಡು ಪಾಠಯೋಜನೆ ಬರೆದು ಕೊಡುತ್ತೆ, ಟೀಚರ್ ತಿದ್ದಿ ಬಳಸ್ಬಹುದು. ಇದ್ರಲ್ಲಿ ನಂಗೆ ಇಷ್ಟ ಆಗೋದು ಕೊನೇ ಪದಗಳು, ತಿದ್ದಿ ಬಳಸ್ಬಹುದು ಅನ್ನೋದು. ಪಾಠಯೋಜನೆ ಬರೆಯೋ ಹೊತ್ತು ಉಳಿದು ಹಿಂದಿನ ಬೆಂಚಿನ ಮಗು ಹತ್ರ ಕೂರೋಕೆ ಟೈಮ್ ಸಿಕ್ರೆ ಅದಕ್ಕಿಂತ ಬೇರೇನ್ ಬೇಕು. ಆದ್ರೆ ಎಐ ಕನ್ನಡದಲ್ಲಿ ಎಷ್ಟೋ ಸಲ ನಮ್ಮ ಪಠ್ಯಪುಸ್ತಕದಲ್ಲಿ ಇಲ್ದಿರೋ ಪಾರಿಭಾಷಿಕ ಪದ ತಂದು ಹಾಕುತ್ತೆ, ನಿಮ್ನ ದರ್ಪಣದ ಜಾಗದಲ್ಲಿ ಇನ್ನೇನೋ ಬರುತ್ತೆ, ಪರೀಕ್ಷೆಯಲ್ಲಿ ಮಗುಗೆ ಆ ಪದ ಸಿಗಲ್ಲ. ಓದಿ ತಿದ್ದೋಕೆ ವಿಷಯ ಗೊತ್ತಿರೋ ಟೀಚರ್ರೇ ಬೇಕು, ಗಣಿತಕ್ಕೆ ಗಣಿತ ಓದಿದವ್ರು, ವಿಜ್ಞಾನಕ್ಕೆ ವಿಜ್ಞಾನ ಓದಿದವ್ರು, ಅದೂ ಕಾಯಂ ಆಗಿ. ಖಾಲಿ ಹುದ್ದೆ ತುಂಬೋ ಬದಲು ಎಐ ಕೊಡ್ತೀವಿ ಅನ್ನೋ ಮಾತು ಬಂದ್ರೆ ಶಾಲಾಭಿವೃದ್ಧಿ ಸಮಿತಿಯವ್ರೂ (ಎಸ್‌ಡಿಎಂಸಿ) ಪೋಷಕರೂ ಒಪ್ಪಬಾರ್ದು.

ಸದ್ಯಕ್ಕೆ ಆಗೋ ಕೆಲಸ ಒಂದಿದೆ. ಕ್ಲಸ್ಟರ್ ಮಟ್ಟದಲ್ಲಿ, ಅಂದ್ರೆ ಅಕ್ಕಪಕ್ಕದ ಶಾಲೆಗಳ ಟೀಚರ್‌ಗಳೆಲ್ಲ ಸೇರೋ ಸಮಾಲೋಚನಾ ಸಭೆಗಳು ಹೇಗಿದ್ರೂ ನಡೆಯುತ್ವೆ, ಸುತ್ತೋಲೆ ಓದೋಕೆ ವಾಟ್ಸಾಪ್ ಸಾಕು. ಆ ಸಭೆಯ ಮಧ್ಯಾಹ್ನದ ಹೊತ್ತನ್ನ ಪೂರ್ತಿ ಸಾಮಗ್ರಿಗೇ ಬಿಟ್ಕೊಡ್ಲಿ, ಮುಂದಿನ ತಿಂಗಳು ಬರೋ ಪಾಠಗಳಿಗೆ ಯಾರ ಹತ್ರ ಏನಿದೆ ಅಂತ ಹಾಕಿ ನೋಡೋದು, ಯಾವ್ದು ಕ್ಲಾಸಲ್ಲಿ ಕೆಲಸ ಮಾಡ್ಲಿಲ್ಲ ಅಂತ ಬಿಚ್ಚಿ ಹೇಳೋದು, ತಿದ್ದಿ ಎಲ್ರ ಪೆನ್‌ಡ್ರೈವ್‌ಗೂ ಕಾಪಿ ಮಾಡ್ಕೊಳೋದು. ನಿಮ್ಮೂರ ಶಾಲೆಗೆ ಏನಾದ್ರೂ ಕೊಡ್ಬೇಕು ಅಂತ ಹಳೇ ವಿದ್ಯಾರ್ಥಿಗಳು ದುಡ್ಡು ಸೇರಿಸ್ತಿದ್ರೆ, ಪ್ಯಾನೆಲ್ ಎಷ್ಟು ಇಂಚು ಅಂತ ಕೇಳೋಕೆ ಮುಂಚೆ ಅಲ್ಲಿರೋ ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆಯ್ತು, ಇರೋ ಪ್ರೊಜೆಕ್ಟರ್ ರಿಪೇರಿಗೆ ಎಷ್ಟು ಆಗುತ್ತೆ, ಕಿಟಕಿಗೆ ಪರದೆ ಇದೆಯಾ, ಶಾಲೆ ಹೆಸರಲ್ಲಿ ಒಂದು ವರ್ಷದ ನೆಟ್ ಕನೆಕ್ಷನ್ ಹಾಕ್ಸಿ ಕೊಡೋಕಾಗುತ್ತಾ ಅಂತ ಅಲ್ಲಿ ಪಾಠ ಮಾಡೋರನ್ನೇ ಕೇಳಿ, ಅವ್ರು ಹೇಳಿದ್ದನ್ನ ಕೊಡ್ಸಿ.